ಕರೆ

ಬಾಳೆಲೆ ಒರೆಸುವ ಸದ್ದು, ಕೀಂಚ್ ಕೀಂಚ್, ಇದನ್ನೂ ಬಾಯಲ್ಲಿ ತರಬಹುದು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಎಳೆದರಾಯಿತು, ಜಿತೇಶನ ನಾಲಿಗೆ ಆಗಲೇ ಮೇಲೆದ್ದಿದೆ — ಥೂ, ಸುಮ್ಮನಿರು, ಲಕ್ಷಿತ್ ಹೋಗಿ ಇವತ್ತಿಗೆ ಹದಿನಾರು ದಿನ, ಕಾಪುವಿನ ಕಡಲು ಅವನ ಮೈಯನ್ನು ಇನ್ನೂ ಕೊಟ್ಟಿಲ್ಲ, ಒಳಗಿನ ಕೋಣೆಯಲ್ಲಿ ಅವನ ಹೆಸರಿಗೆ ಎಲೆ ಹಾಕುತ್ತಿದ್ದಾರೆ, ಮುಸ್ಸಂಜೆಗೆ ತಾಯಿ ಅಕ್ಕು ಅಂಗಳದಲ್ಲಿ ನಿಂತು ಸತ್ತ ಮಗನನ್ನು ಒಳಗೆ ಕರೆಯಬೇಕು. ಕರೆ. ಕರೆ ಅಂದರೆ ಕೂಗು, ತುಳುವಿನಲ್ಲಿ ದಡ, ಬಟ್ಟೆಗೆ ಹಿಡಿದರೆ ತೊಳೆದರೂ ಹೋಗದ್ದು. ಮಣಿಪಾಲದ ಕಾಲೇಜಿನ ಮಿಮಿಕ್ರಿ ವೇದಿಕೆಯಲ್ಲಾದರೆ ಇಷ್ಟಕ್ಕೇ ಚಪ್ಪಾಳೆ ಬೀಳುತ್ತಿತ್ತು, ಪ್ರಿನ್ಸಿಪಾಲರ ಕೆಮ್ಮು, ಬೆಳ್ಮಣ್ ಬಸ್ಸಿನ ಕಂಡಕ್ಟರ್, ಕೊನೆಗೆ ಲಕ್ಷಿತನ ಕೂಗು, ಅದು ಮಾತ್ರ ಅಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಕಡಲ ಬಂಡೆಯ ಬುಡದಿಂದ ಪಚ್ಚಿಲೆ ಚಿಪ್ಪು ಕೀಳುವವರಿಗಷ್ಟೇ ಗೊತ್ತು, ಮುಳುಗಿದವನು ಮೇಲೆ ಬಂದು ಬಿಡುವ ಮೊದಲ ಉಸಿರಿನಲ್ಲೇ ಒಂದು ಕೂಗು, ಒಬ್ಬೊಬ್ಬನದು ಒಂದೊಂದು, ಲಕ್ಷಿತನದು ಹೂಊಯ್ — ತುದಿಯಲ್ಲಿ ಸಣ್ಣ ಸೀಟಿ, ಮುಂದಿನ ಹಲ್ಲು ಮುರಿದದ್ದರಿಂದ. ಮುಳುಗಿದವನು ಕೆಳಗಿರುವಷ್ಟು ಹೊತ್ತು ದೋಣಿಯಲ್ಲಿ ಕೂತ ಬೂಬಣ್ಣ ಎಣಿಸುತ್ತಾನೆ, ಹತ್ತಕ್ಕೊಂದು ಬೆರಳು ಮಡಚುತ್ತಾನೆ, ಕೂಗು ಕೇಳಿದ ಕೂಡಲೇ, ಬಂದನೆಂದು, ಮುಷ್ಟಿ ಬಿಚ್ಚುತ್ತಾನೆ, ತಿರುಗಿ ನೋಡುವುದೂ ಇಲ್ಲ, ನಲವತ್ತು ವರ್ಷ ಪಳಗಿದ ಕಿವಿ.

ಆ ಕಿವಿ ಸತ್ತಿದೆ ಎನ್ನುತ್ತಿದ್ದಾಳೆ ಪಕ್ಕದ ಮನೆಯ ಕಮಲಕ್ಕ, ಸ್ವರ ತಗ್ಗಿಸದೆ, ಕೇಳಲಿ ಎಂದೇ, ಕಿವುಡನನ್ನು ಎಣಿಸಲು ಕೂರಿಸಿದರೆ ಇನ್ನೆಂತ ಆಗುವುದು ಮಾರಾಯ್ರೆ, ಇನ್ನು ಇವರನ್ನು ದೋಣಿ ಹತ್ತಿಸಬೇಡಿ. ತೆಂಗಿನ ಬುಡದಲ್ಲಿ ಒಬ್ಬನೇ ನಿಂತ ಬೂಬಣ್ಣ, ಒಂದು ಲೋಟ ಚಹಾ ಸಹ ಯಾರೂ ಕೊಟ್ಟಿಲ್ಲ, ಅನ್ನುತ್ತಿದ್ದಾನೆ, ನನಗೆ ಕೇಳಿತ್ತಮ್ಮ, ದೇವರಾಣೆ, ಅವನು ಮೇಲೆ ಬಂದದ್ದು ಕೇಳಿತ್ತು. ಹೌದು ಬೂಬಣ್ಣ, ಕೇಳಿತ್ತು, ಲಕ್ಷಿತ್ ಇನ್ನೂ ಕೆಳಗಿದ್ದ, ಅವನಿಗಿಂತ ಮೊದಲೇ ಮೇಲೆ ಬಂದು, ದೋಣಿಯ ಹಿಂಬದಿಯಲ್ಲಿ, ನಿಮ್ಮ ಬೆನ್ನಿಗೆ, ಹೂಊಯ್ ಎಂದದ್ದು ಈ ಜಿತೇಶ — ತಮಾಷೆಗೆ, ನಾಲ್ಕು ಬೆರಳು ಮಡಚಿದ್ದ ಮುಷ್ಟಿ ಬಿಚ್ಚಿಕೊಂಡಿತು, ಎಣಿಕೆ ನಿಂತಿತು, ನಗು ತಡೆಯಲಾಗದೆ ಬಾಯಿಗೆ ಉಪ್ಪುನೀರು ಹೋಯಿತು, ಎಷ್ಟು ಹೊತ್ತು ನಕ್ಕದ್ದೋ, ಅದನ್ನು ಯಾರೂ ಎಣಿಸಲಿಲ್ಲ, ಆಮೇಲೆ ಬೂಬಣ್ಣ ತಿರುಗಿ, ಲಕ್ಷಿತ್ ಎಲ್ಲಿ ಮಾರಾಯ?

ಹೇಳಬೇಕು, ಹದಿನಾರು ದಿನದಿಂದ ಹೇಳಬೇಕು, ಈ ಬಾಯಿಗೆ ಊರಿನವರ ಸ್ವರವೆಲ್ಲ ಬರುತ್ತದೆ, ತನ್ನದೊಂದು ಬಿಟ್ಟು. ಅಕ್ಕು ಹೊರಗೆ ಬಂದಿದ್ದಾಳೆ, ಮಗಾ ಲಕ್ಷಿತಾ, ಒಳಗೆ ಬಾ, ಎಲೆ ಹಾಕಿ ಆಯಿತು, ಎರಡನೆಯ ಸಲ, ಬಾ ಮಗಾ, ಮೂರನೆಯದಕ್ಕೆ ಉಸಿರೆಳೆದುಕೊಂಡಳು, ಅಷ್ಟರಲ್ಲಿ ಕಮಲಕ್ಕ ಬೂಬಣ್ಣನಿಗೆ, ನೀವು ಗೇಟಿನ ಹೊರಗೆ ನಿಲ್ಲಿ, ನೀವಿದ್ದರೆ ಅವನು ಬರುವುದುಂಟಾ, ಮುದುಕ ಹೊರಟೇ ಬಿಟ್ಟ, ಬೆನ್ನು ಈ ಕಡೆ, ಇಳಿಬಿದ್ದ ಕೈಯಲ್ಲಿ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತಿವೆ, ಹತ್ತು, ಇಪ್ಪತ್ತು, ಇನ್ನೂ ಎಣಿಸುತ್ತಿದ್ದಾನೆ, ಬೂಬಣ್ಣಾ ನಿಲ್ಲಿ ಎನ್ನಲೆಂದು ತೆರೆದ ಜಿತೇಶನ ಬಾಯಿ, ನಾಲಿಗೆ ಹಲ್ಲಿಗೆ ತಗುಲಿ, ಹೂಊಯ್, ತುದಿಯಲ್ಲಿ ಸೀಟಿ — ಅಕ್ಕುವಿನ ಮುಖ ತಿರುಗಿತು, ಕಡಲಿನ ಕಡೆಗಲ್ಲ, ಇವನ ಕಡೆಗೆ, ಗೇಟಿನ ಹತ್ತಿರ ಬೂಬಣ್ಣ, ತಿರುಗಿ ನೋಡದ ಬೂಬಣ್ಣ, ಅವನ ಮುಷ್ಟಿ, ಒಂದು ಬೆರಳು, ಇನ್ನೊಂದು, ಮುಷ್ಟಿ ಬಿಚ್ಚಿತು.