ದಿನಾ ಐದು ನಿಮಿಷ

ಟೆಕ್ಸಾಸಿನ ಫ್ಲೂಗರ್‌ವಿಲ್ ಊರಿನ ಆ ಗರಾಜಿನಲ್ಲಿ ಲೀಲಾವತಮ್ಮನ ಗಂಡನ ಕಾರು ಹೊಸ ಮದುಮಗಳ ಹಾಗೆ ನಿಂತಿತ್ತು. ಕೊಂಡು ಹದಿನೇಳು ವರ್ಷ, ಓಡಿದ್ದು ಮೂವತ್ತು ಸಾವಿರ ಮೈಲಿ. ಚಂದ್ರಮೋಹನರಾಯರು ಅದನ್ನು ದೇವಸ್ಥಾನಕ್ಕೆ, ತರಕಾರಿಗೆ ಬಿಟ್ಟರೆ ಹೊರಗೆ ತೆಗೆದವರೇ ಅಲ್ಲ. ಮೂರು ಹನಿ ಬಿದ್ದರೆ ಮೂರು ಟವೆಲಿನಲ್ಲಿ ಒರೆಸುತ್ತಿದ್ದರು. ತಮ್ಮ ತಲೆಯನ್ನು ಅಷ್ಟು ಚೆನ್ನಾಗಿ ಒರೆಸಿಕೊಂಡಿದ್ದನ್ನು ಯಾರೂ ಕಂಡಿಲ್ಲ.

ಸೊಂಟದ ಆಪರೇಷನ್ ಆಗಿ ಮಲಗಿದ್ದಾಗ ಒಂದು ದಿನ ಹೇಳಿದ್ದರು: "ಮೊಮ್ಮಗಳಿಗೆ ಹದಿನಾರು ತುಂಬಿದಾಗ ಈ ಕೀ ಅವಳ ಕೈಗೆ ಕೊಡ್ಬೇಕು ಕಣೇ. ಅಲ್ಲೀವರ್ಗೂ ಗಾಡಿ ಜೀವಂತವಾಗಿರ್ಲಿ."

ಅವರು ಹೋಗಿ ಮೂರು ವರ್ಷ. ಲೀಲಾವತಮ್ಮನಿಗೆ ಡ್ರೈವಿಂಗ್ ಬಾರದು, ಕೀ ತಿರುಗಿಸಲು ಬರುತ್ತಿತ್ತು. ದಿನಾ ದೇವರ ದೀಪ ಹಚ್ಚಿ, ಗರಾಜಿನ ಬಾಗಿಲು ತೆರೆದು, ಕಾರಿನಲ್ಲಿ ಕೂತು, ಗಡಿಯಾರ ನೋಡಿ ಐದು ನಿಮಿಷ ಇಂಜಿನ್ ಚಾಲೂ ಮಾಡಿ ನಿಲ್ಲಿಸುತ್ತಿದ್ದರು. ಜ್ವರ ಬಂದಾಗಲೂ ತಪ್ಪಲಿಲ್ಲ. ಬೆಳಗಿನ ಏಳಕ್ಕೇ ಬಾನೆಟ್ಟಿನ ಮೇಲೆ ದೋಸೆ ಹುಯ್ಯಬಹುದಾದ ಟೆಕ್ಸಾಸಿನ ಬೇಸಿಗೆಯಲ್ಲೂ ತಪ್ಪಲಿಲ್ಲ.

ಮೊಮ್ಮಗಳು ಸಿಯಾಗೆ ಹದಿನಾರು ತುಂಬಿ ಲೈಸೆನ್ಸ್ ಬಂದ ವಾರವೇ ಕಾರು ಗಡಗಡ ನಡುಗಿ, ಕೆಮ್ಮಿ, ನಿಂತುಹೋಯಿತು.

ಪಕ್ಕದ ಬೀದಿಯ ಚನ್ನಬಸಪ್ಪ ಬಂದ. ಧಾರವಾಡದ ಕಡೆಯವನು, ವಾರವೆಲ್ಲ ಕಂಪ್ಯೂಟರಿನ ಮುಂದೆ, ಶನಿವಾರ ಯಾರದಾದರೂ ಕಾರಿನ ಕೆಳಗೆ.

"ಏನಪ್ಪಾ, ಹೆಂಡ್ತಿಗೆ ನಿನ್ನ ಮುಖ ನೆನಪಿದ್ಯಾ, ಇಲ್ಲಾ ಬರೀ ಕಾಲು ನೋಡಿ ಗುರುತು ಹಿಡೀತಾಳಾ?" ಎಂದು ಕೆಣಕಿದರು ಲೀಲಾವತಮ್ಮ.

"ಕಾಲಿಗೇ ಚಹಾ ತಂದ್ ಕೊಡ್ತಾಳ್ರಿ ಅಮ್ಮಾರ."

"ನೋಡ್ಕೋ, ಬಾಣಂತಿ ಥರ ಸಾಕಿದೀನಿ. ಈ ದೇಶದಲ್ಲೇ ಯಾರೂ ಹಿಂಗೆ ಸಾಕಿಲ್ಲ."

ಚನ್ನಬಸಪ್ಪ ಎಣ್ಣೆಯ ಮುಚ್ಚಳ ತಿರುಗಿಸಿ ತೆಗೆದ. ಒಳಗೆಲ್ಲ ಗಟ್ಟಿ ಮಜ್ಜಿಗೆಯಂಥ ಕಂದು ಲೋಳೆ. ಅವನ ನಗು ಇಳಿಯಿತು.

"ಎಷ್ಟೊತ್ತು ಚಾಲೂ ಇಡ್ತಿದ್ರಿ?"

"ದಿನಾ ಐದು ನಿಮಿಷ. ಒಂದು ಸೆಕೆಂಡು ಹೆಚ್ಚಿಲ್ಲ, ಕಮ್ಮಿ ಇಲ್ಲ."

"ಓಡಿಸ್ತಿದ್ದಿಲ್ಲೇನ್ರಿ?"

"ಯಾರಾದ್ರೂ ಎಲ್ಲಾದ್ರೂ ಗುದ್ದಿಬಿಟ್ರೆ?"

"ಅದ ತಪ್ಪಾಗೇತ್ರಿ. ಐದ್ ನಿಮಿಷದಾಗ ಇಂಜಿನ್ ಪೂರಾ ಕಾಯಂಗಿಲ್ಲ. ಒಳಗಿನ ನೀರಿನ ಪಸೆ ಆರಂಗಿಲ್ಲ, ಎಣ್ಣಿಗೆ ಕೂಡತೈತಿ. ಸುಮ್ನ ಬಿಟ್ಟಿದ್ರೂ ಇಷ್ಟು ಕೆಡತಿದ್ದಿಲ್ಲ. ಜ್ವಾಪಾನ ಮಾಡಿ ಮಾಡೀನ ಕೆಟ್ಟೈತ್ರಿ ಇದು."

ಲೀಲಾವತಮ್ಮ ಎಣ್ಣೆಯ ಮುಚ್ಚಳವನ್ನು ಅವನ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಒರೆಸತೊಡಗಿದರು.

ಸೊಂಟದ ಆಪರೇಷನ್ ಆದ ಮೇಲೆ ಡಾಕ್ಟರು ಹೇಳಿದ್ದರು, ದಿನಾ ನಡೆಸಿ ಎಂದು. ರಾಯರೂ ಕೇಳಿದ್ದರು, "ಅಡುಗೆಮನೆವರ್ಗೂ ಹೋಗ್ತೀನಿ ಕಣೇ, ಬಿಡು." ಬಿದ್ದುಬಿಟ್ಟಾರು ಎಂದು ಲೀಲಾವತಮ್ಮ ಬಿಡಲಿಲ್ಲ. ದಿನಾ ಐದು ನಿಮಿಷ ಮಂಚದ ಅಂಚಿಗೆ ಕೂರಿಸಿ, ಮತ್ತೆ ಮಲಗಿಸುತ್ತಿದ್ದರು. ಮೂರನೆಯ ವಾರ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿತು. ಸಾವಿಗೆ ಬಂದವರೆಲ್ಲ, ಮಗುವಿನ ಹಾಗೆ ನೋಡಿಕೊಂಡಿದ್ದೀರಿ ಎಂದು ಹೊಗಳಿಯೇ ಹೋದರು. ಬೇರೆ ಮಾತು ಯಾರೂ ಆಡಿರಲಿಲ್ಲ, ಇವತ್ತಿನವರೆಗೆ.

"ಉಳಿಯುತ್ತೇನಪ್ಪಾ?" ಎಂದು ಕೇಳಿದರು.

"ಉಳೀತೈತ್ರಿ. ಎಣ್ಣಿ, ಪ್ಲಗ್ಗು ಬದಲೀ ಮಾಡ್ತೀನಿ. ಆಮ್ಯಾಲ ದೂರ ಓಡಸ್ರಿ, ಚಲೋತ್ನಂಗ ಕಾಯಲಿ. ಗಾಡಿ ಅಲ್ಲೇನ್ರಿ, ರಿಪೇರಿ ಆಗತೈತಿ."

"ಹೌದಪ್ಪಾ. ಗಾಡಿ," ಎಂದರು ಲೀಲಾವತಮ್ಮ.

ಮಧ್ಯಾಹ್ನದ ಹೊತ್ತಿಗೆ ಇಂಜಿನ್ ಸದ್ದು ಹದಕ್ಕೆ ಬಂತು. ಲೀಲಾವತಮ್ಮ ಕೀಯನ್ನು ಅಷ್ಟರಲ್ಲಿ ಬಂದ ಸಿಯಾಳ ಅಂಗೈಯಲ್ಲಿಟ್ಟು, ಬೆರಳು ಮಡಿಸಿ, ಪಕ್ಕದ ಸೀಟಿನಲ್ಲಿ ಕೂತರು.

"ಅಜ್ಜಿ, ಜಸ್ಟ್ ಅರೌಂಡ್ ದ ಬ್ಲಾಕ್? ಇಲ್ಲೇ ಒಂದ್ ರೌಂಡ್?"

"ಬ್ಲಾಕೂ ಬೇಡ ಗಿಲಾಕೂ ಬೇಡ. ಹ್ಯೂಸ್ಟನ್ ರಸ್ತೆ ಹಿಡಿ."

ಹೆದ್ದಾರಿಯಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಸೂಜಿ ಮೆಲ್ಲಗೆ ಮೇಲೆದ್ದು ನಡುವಿಗೆ ಬಂದು ನಿಂತಿತು. ಮೂರು ವರ್ಷದಲ್ಲಿ ಅವರು ಅದನ್ನು ಅಲ್ಲಿ ಕಂಡಿರಲೇ ಇಲ್ಲ. ಕೈ ತಾನಾಗಿ ಡ್ಯಾಶ್‌ಬೋರ್ಡನ್ನು ಹಿಡಿಯಿತು, ಯಾರದೋ ತೋಳನ್ನು ಹಿಡಿದ ಹಾಗೆ.

"ಬೀಳಲ್ಲ ರೀ, ನಡೀರಿ," ಎಂದರು. "ನಾನು ಹಿಡ್ಕೊಂಡಿದೀನಿ."

"ಅಜ್ಜಿ? ಹೂ ಆರ್ ಯು ಟಾಕಿಂಗ್ ಟು?"

ಲೀಲಾವತಮ್ಮ ಸೂಜಿಯಿಂದ ಕಣ್ಣು ತೆಗೆಯಲಿಲ್ಲ. "ನಿಲ್ಲಿಸ್ಬೇಡ ಪುಟ್ಟಿ. ಇನ್ನೂ ಸ್ವಲ್ಪ ದೂರ."