ಒಂಬತ್ತು ಜನರ ಕಡ್ಡಿಮನೆ

ಐಸ್‌ಕ್ರೀಮ್ ಕಡ್ಡಿಗಳಲ್ಲಿ ಕಟ್ಟಿದ ಮನೆಗೆ ನನ್ನ ಮಗಳು ಸ್ಟೇಸಿಗೆ ಶಾಲೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಬಂತು. ಇನ್ನೂರು ವರ್ಷಗಳ ಹಿಂದೆ ಅಮೆರಿಕದ ಕಾಡಿಗೆ ಹೋಗಿ ನೆಲೆಯೂರಿದ ಒಬ್ಬನ ಮನೆ. ಒಂದೇ ಕೋಣೆ, ಗಂಡ, ಹೆಂಡತಿ, ಏಳು ಮಕ್ಕಳು. ‘ಒಂದು ಕೋಣೆಯಲ್ಲಿ ಒಂಬತ್ತು ಜನ! ಎಂಥ ಧೈರ್ಯ!’ ಎಂದು ಟೀಚರ್ ಬರೆದಿದ್ದರು.

ಅದೇ ವಾರ ದುಬೈಯ ಅಲ್ ಬರ್ಷಾದ ನಮ್ಮ ಫ್ಲ್ಯಾಟಿನ ಬಾಗಿಲಿಗೆ ನೋಟಿಸ್ ಅಂಟಿತು. ಹಾಲ್‌ನಲ್ಲಿ ಪ್ಲೈವುಡ್ ಪಾರ್ಟಿಶನ್ ಇದ್ದರೆ ಶನಿವಾರದೊಳಗೆ ಕೀಳಬೇಕು, ಒಂದು ಫ್ಲ್ಯಾಟಿನಲ್ಲಿ ಒಂದೇ ಕುಟುಂಬ ಇರಬೇಕು. ನಮ್ಮ ಪಾರ್ಟಿಶನ್ನಿನ ಹಿಂದೆ ಇರುವುದು ನನ್ನ ತಂಗಿ ಲವಿಟಾ, ಅವಳ ಎಂಟು ತಿಂಗಳ ಕೂಸು. ಗಂಡ ಹಡಗಿನಲ್ಲಿ. ಅವಳು ಆಸ್ಪತ್ರೆಯ ಡ್ಯೂಟಿಗೆ ಹೋದಾಗ ಕೂಸನ್ನು ನೋಡುವವರು ನಾವು. ಇಲ್ಲಿಂದ ಅವಳು ಹೊರಬಿದ್ದರೆ ಕೂಸನ್ನು ಊರಿಗೆ ಕಳಿಸದೆ ಬೇರೆ ದಾರಿಯಿಲ್ಲ.

ನಾನೊಂದು ಬುದ್ಧಿವಂತಿಕೆ ಮಾಡಿದೆ. ಮಲಗುವ ಕೋಣೆಯಲ್ಲಿದ್ದ ದೇವರ ಪೀಠ, ಆಲ್ತಾರನ್ನು ಕಿತ್ತು ತಂದು ಪಾರ್ಟಿಶನ್ನಿಗೇ ಹೊಡೆದು ಕೂರಿಸಿದೆ. ಹೆಂಡತಿ ಮಾರ್ಟಿನಾ ಅದರಲ್ಲಿದ್ದ ಮಾತೆ ಮರಿಯಮ್ಮನ ಮುಂದೆ ಕೆಂಪು ಬಲ್ಬು ಹಚ್ಚಿದಳು. ದೇವರ ಬೆನ್ನ ಹಿಂದೆ ಯಾರು ಇಣುಕುತ್ತಾರೆ?

ಶನಿವಾರ ಬಿಲ್ಡಿಂಗ್ ಸೂಪರ್‌ವೈಸರ್ ಝಹೀರ್ ಬಂದ. ಪುತ್ತೂರಿನವನು.

“ಇದೆಂಥದು ಮಾರ್ಸೆಲಣ್ಣ?”

“ನಮ್ಮ ಆಲ್ತಾರ್. ಹಿಂದೆ ಗೋಡೆ.”

ಅವನು ಮರ್ಯಾದೆಯಿಂದ ದೂರವೇ ನಿಂತ. ಇನ್ನೇನು ತಿರುಗಬೇಕು, ಗೋಡೆ ಅತ್ತಿತು.

“ಗೋಡೆಗೆ ಹಸಿವಾ ಅಣ್ಣ?” ಎಂದ. ನಗಲಿಲ್ಲ. “ನನಗೆ ಕೇಳಲಿಲ್ಲ ಅಂತ ಹೇಳಬಹುದಿತ್ತು. ಆದರೆ ಇನ್‌ಸ್ಪೆಕ್ಷನಿನವರು ಕೆಳಗೇ ಇದ್ದಾರೆ. ಖಲಾಸ್. ಇವತ್ತೇ ತೆಗೀರಿ.”

“ಕೂಸು ಎಲ್ಲಿ ಮಲಗಬೇಕು ಮಾರಾಯ?”

“ಬೆಂಕಿ ಬಿದ್ದರೆ ಉತ್ತರ ಕೊಡುವುದು ನೀವಾ, ನಾನಾ?” ಮೇಜಿನ ಮೇಲಿದ್ದ ಕಡ್ಡಿಮನೆಯತ್ತ ನೋಡಿದ. “ಇದು ಮಾತ್ರ ಲಾಯ್ಕುಂಟು.”

ನನ್ನ ಮೈಯೆಲ್ಲ ಉರಿದುಹೋಯಿತು.

ಅವನು ಹೋದ ಮೇಲೆ ಆಲ್ತಾರ್ ಇಳಿಸಿದೆ. ಪಾರ್ಟಿಶನ್ನಿನ ಸ್ಕ್ರೂ ಒಂದೊಂದೇ ಬಿಚ್ಚಿದೆ. ಕೊನೆಯ ಎರಡನ್ನು ಬಿಚ್ಚುವ ತಾಳ್ಮೆಯಿಲ್ಲದೆ ಹಲಗೆಯನ್ನೇ ಒದ್ದೆ. ಲವಿಟಾ ಕೂಸಿನ ಬಟ್ಟೆ ಮಡಚುತ್ತಿದ್ದಳು. “ಊರಿಗೆ, ಮಮ್ಮಿಗೆ ಫೋನ್ ಮಾಡಿದ್ದೇನೆ,” ಎಂದಳು.

ಸ್ಟೇಸಿ ತನ್ನ ಮನೆಯನ್ನು ಎದೆಗೊತ್ತಿ ಹಿಡಿದು ನಿಂತಿದ್ದಳು. “ಬಟ್ ಡ್ಯಾಡಾ, ದೇ ವರ್ ನೈನ್ ಪೀಪಲ್! ಅವರಿಗೆ ಯಾರೂ ನೋಟಿಸ್ ಕೊಡಲಿಲ್ವಾ?”

“ಕೊಡುವುದಕ್ಕೆ ಯಾರನ್ನು ಬಿಟ್ಟಿದ್ದರು? ಅಲ್ಲಿ ಮೊದಲೇ ಇದ್ದವರನ್ನು ಓಡಿಸಿ ಕಟ್ಟಿದ ಮನೆ ಅದು! ಹೋಗು, ಇದನ್ನೂ ಬರೆದುಕೊಡು ನಿನ್ನ ಟೀಚರಿಗೆ!”

ಕಿರುಚಿಯೇಬಿಟ್ಟಿದ್ದೆ. ಸೂಟ್‌ಕೇಸಿನ ಪಕ್ಕದ ಚಾಪೆಯಲ್ಲಿ ಮಲಗಿದ್ದ ಕೂಸು ಬೆಚ್ಚಿ ಮತ್ತೆ ಅಳತೊಡಗಿತು.

“ಮೆಲ್ಲ, ಅಣ್ಣ,” ಎಂದಳು ಲವಿಟಾ. “ಇವತ್ತೊಂದು ದಿನವಾದರೂ ಕೂಸು ಇಲ್ಲಿ ಮಲಗಲಿ.”