ಲಿಸ್ಬನ್ನಿನ ಮೆಟ್ಟಿಲ ಮೇಲೆ ಹಾಕಿದ ಪಂಕ್ತಿ

ಉರಿಯುವ ಒಲೆಯ ಆಣೆ, ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಸುಳ್ಳು ಹೆಣೆಯುವಷ್ಟು ಬುದ್ಧಿ ಎಲ್ಲಿಂದ ಬರಬೇಕು ಹೇಳಿ? ನೀವು ಗೃಹಪ್ರವೇಶಕ್ಕೆ ತಡವಾಗಿ ಬಂದಿದ್ದೀರಿ. ಉಳಿದವರೆಲ್ಲ ಉಂಡು ಹೊರಟರು, ಮನೆಯವರು ಸುಸ್ತಾಗಿ ಮಹಡಿ ಹತ್ತಿದ್ದಾರೆ. ಇರುವುದು ನಾವಿಬ್ಬರೇ. ಬಡಿಸುತ್ತಲೇ ಹೇಳುತ್ತೇನೆ, ನೀವು ನಿಧಾನವಾಗಿ ಕಲಸಿಕೊಳ್ಳಿ.

ನಾನು ಬದರಿನಾಥ. ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ನನ್ನ ವಾಸ. ದೇವಸ್ಥಾನದ ಅಡುಗೆಗೆ ಅಂತ ಅಟ್ಲಾಂಟಾಕ್ಕೆ ಬಂದವನು, ಈಗ ಒಂದು ವ್ಯಾನ್ ಇಟ್ಟುಕೊಂಡು ಷಾರ್ಲೆಟ್‌ನಿಂದ ವಾಷಿಂಗ್ಟನ್‌ವರೆಗೆ ನಮ್ಮವರ ಮುಂಜಿ, ಮದುವೆ, ಸೀಮಂತ ಎಲ್ಲಕ್ಕೂ ಅಡುಗೆ ಮಾಡುತ್ತೇನೆ. ನಮ್ಮ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ: ಬಡಿಸುವವನು ಕೊನೆಗೆ ಉಣ್ಣಬೇಕು. ಕೊನೆಯ ಪಂಕ್ತಿ ಎದ್ದ ಮೇಲೆ ಪಾತ್ರೆಯ ತಳದಲ್ಲಿ ಏನಿದೆಯೋ ಅದು, ಅದೂ ವ್ಯಾನಿನ ಹಿಂದೆ ನಿಂತುಕೊಂಡು. ಹದಿನಾಲ್ಕು ವರ್ಷದಲ್ಲಿ ಲಕ್ಷ ಎಲೆಗೆ ಅನ್ನ ಹಾಕಿದ್ದೇನೆ. ಪಕ್ಕದಲ್ಲಿ ಒಬ್ಬರು ಕೂತು, ಅದೂ ಇದೂ ಮಾತಾಡುತ್ತಾ ನಾನು ಉಂಡದ್ದು ಒಂದು ದಿನವೂ ಇಲ್ಲ.

ಎರಡು ವರ್ಷದ ಹಿಂದೆ ನವೆಂಬರಿನಲ್ಲಿ ಯಾರ ಮನೆಯಲ್ಲೂ ಕಾರ್ಯವಿಲ್ಲದ ಒಂದು ವಾರ ಸಿಕ್ಕಿತು. ನಾನು ಅಡುಗೆಯವನು ಅಂತ ಒಂದು ನರಪಿಳ್ಳೆಗೂ ಗೊತ್ತಿಲ್ಲದ ಊರಿಗೆ ಹೋಗಬೇಕು, ನೆಂಟನ ಹಾಗೆ ಕೂರಬೇಕು, ಜನರ ಜೊತೆ ಒಂದೇ ಒಂದು ಊಟ ಮಾಡಿ ಬರಬೇಕು ಅಂತ ತೀರ್ಮಾನ ಮಾಡಿದೆ.

ಇಲ್ಲೇ ಷಾರ್ಲೆಟ್ಟಿನ ಬ್ಯಾಲಂಟೈನ್‌ನ ಶ್ರೀಲತಾ ಇದ್ದಾಳಲ್ಲ, ಬ್ಯಾಂಕಿನ ಕಂಪ್ಯೂಟರ್ ಕೆಲಸದವಳು, ಅವಳ ಮಗಳ ನಾಮಕರಣಕ್ಕೆ ಅಡುಗೆ ನನ್ನದೇ. ಅವಳೇ ಫೋನಿನಲ್ಲಿ ಎಲ್ಲ ಬುಕ್ ಮಾಡಿದಳು.

"ಅಂಕಲ್, ಲಿಸ್ಬನ್‌ಗೆ ಹೋಗಿ. ಯುರೋಪಲ್ಲಿ ಸ್ವಲ್ಪ ಚೀಪು. ಹೋಟೆಲ್ ಬೇಡ, ಹಾಸ್ಟೆಲ್ ಬುಕ್ ಮಾಡ್ತೀನಿ. ಕಿಚನ್ ಇದೆ, ಆದ್ರೆ ಒಂದು ರೂಮಲ್ಲಿ ಎಂಟು ಜನ."

"ಎಂಟು ಜನಾನಾ! ಹಾಗಾದ್ರೆ ಅದೇ ಇರ್ಲಮ್ಮ."

"ಪ್ರೈವಸಿ ಇರಲ್ಲ ಅಂಕಲ್."

"ಪ್ರೈವಸಿ ನಮ್ಮ ಬೇಸ್‌ಮೆಂಟಲ್ಲಿ ಬೇಕಾದಷ್ಟಿದೆ. ನಿಂಗೊಂದು ಡಬ್ಬಿ ತುಂಬಿ ಕಳಿಸ್ಲಾ?"

ಅವಳು ನಕ್ಕಳು. "ಊಟಕ್ಕೆ ಮಾತ್ರ ದೊಡ್ಡ ಸ್ಕ್ವೇರ್ ಹತ್ರ ಹೋಗ್ಬೇಡಿ, ಬರೀ ಟೂರಿಸ್ಟ್ ರೇಟು. ಹಿಂದಿನ ಗಲ್ಲೀಲಿ ಮಧ್ಯಾಹ್ನ ಅಲ್ಲಿನವರು ಎಲ್ಲಿ ಕ್ಯೂ ನಿಂತಿರ್ತಾರೋ, ಅಲ್ಲಿ ಹೋಗಿ ನಿಂತ್ಕೊಳ್ಳಿ."

ಲಿಸ್ಬನ್ ಅಂದರೆ ಬರೀ ಮೆಟ್ಟಿಲು. ಹಾಸ್ಟೆಲ್ಲಿಗೆ ಹತ್ತಿ ಮುಗಿಸುವಷ್ಟರಲ್ಲಿ ನನ್ನ ಗಡ್ಡ ಎರಡು ಇಂಚು ಬೆಳೆದಿತ್ತು. ರೂಮು ಎಷ್ಟು ಕಿರಿದು ಅಂದರೆ, ಮಗ್ಗುಲು ಬದಲಿಸಬೇಕಾದರೆ ಎಂಟೂ ಜನ ಒಟ್ಟಿಗೇ ಬದಲಿಸಬೇಕು. ಜರ್ಮನಿಯ ಒಬ್ಬ ದಢೂತಿ ಒಂದು, ಎರಡು, ಮೂರು ಅಂತ ಕೂಗಿ ಹೇಳುತ್ತಿದ್ದ. ಆದರೆ ಹಗಲಾದರೆ ಎಲ್ಲರ ಕಿವಿಯಲ್ಲೂ ಇಯರ್‌ಫೋನು. ನಾನು ನಕ್ಕರೆ ಅವರೂ ನಗುತ್ತಿದ್ದರು. ಅಲ್ಲಿಗೆ ಮುಗಿಯಿತು.

ಶ್ರೀಲತಾ ಹೇಳಿದ ಹಾಗೆ ಹಿಂದಿನ ಗಲ್ಲಿಯ ಕ್ಯೂನಲ್ಲಿ ನಿಂತೆ. ಬಾಗಿಲಲ್ಲಿದ್ದವನು ಒಂದು ಬೆರಳು ಎತ್ತಿ ತೋರಿಸಿದ, ಒಬ್ಬರೇನಾ ಅಂತ. ನಾನೂ ಒಂದು ಬೆರಳು ಎತ್ತಿದೆ. ಸೀದಾ ಕರೆದುಕೊಂಡು ಹೋಗಿ ಗೋಡೆಗೆ ಮುಖ ಮಾಡಿದ ಒಂಟಿ ಮೇಜಿಗೆ ಕೂರಿಸಿದ. ಊಟ ಮಾತ್ರ ಒಂದನೇ ನಂಬರು. ಸೊಪ್ಪಿನ ಸೂಪು, ಮೆಕ್ಕೆಜೋಳದ ಬ್ರೆಡ್ಡು, ಕಾಳು ಹಾಕಿದ ಅನ್ನ, ಕೊನೆಗೆ ಕೆನೆ ತುಂಬಿದ ಒಂದು ಸಿಹಿ. ಅದರಲ್ಲಿ ಮೊಟ್ಟೆ ಇದೆಯಾ ಅಂತ ನಾನು ಕೇಳಲಿಲ್ಲ, ಅದೂ ಹೇಳಲಿಲ್ಲ. "ಸೂಪು ಚೆನ್ನಾಗಿದೆ ಅಲ್ವಾ?" ಅಂತ ಗೋಡೆಯನ್ನೇ ಕೇಳಿದೆ. ಮೂರು ದಿನ, ಮೂರು ಅಂಗಡಿ, ಅದೇ ಬೆರಳು, ಅದೇ ಗೋಡೆ.

ನಾಲ್ಕನೇ ದಿನ ಬೇಜಾರಾಗಿ, ಹಾಸ್ಟೆಲ್ ಕಿಚನ್‌ನಲ್ಲಿ ಒಂದಿಷ್ಟು ಚಿತ್ರಾನ್ನ ಮಾಡಿಕೊಳ್ಳೋಣ ಅಂತ ಹೊರಟೆ. ಕೆಳಗಿನ ಬೀದಿಯ ಬಾಂಗ್ಲಾದವರ ಅಂಗಡಿಯಲ್ಲಿ ಅಕ್ಕಿ, ಕಡಲೆಕಾಯಿ ಬೀಜ, ಕರಿಬೇವು ಎಲ್ಲ ಸಿಕ್ಕಿತು. ಆದರೆ ನನ್ನ ಕೈಗೆ ಒಬ್ಬನ ಅಳತೆ ಗೊತ್ತಿಲ್ಲವಲ್ಲ! ಒಂದು ಪಾತ್ರೆ ತುಂಬಿತು, ಎರಡು ತುಂಬಿತು, ಹಾಸ್ಟೆಲ್ಲಿನ ಪಾತ್ರೆಗಳೇ ಮುಗಿದುಹೋದವು. ಒಗ್ಗರಣೆ ಹಾಕಿದೆ ನೋಡಿ, ಸಾಸಿವೆ ಸಿಡಿದ ಸದ್ದಿಗೆ ನದಿಯಲ್ಲಿದ್ದ ಹಡಗು ವಾಪಸ್ಸು ಕೂಗಿತು. ರೂಮಿನ ಏಳೂ ಜನ ಇಯರ್‌ಫೋನು ಕಿತ್ತುಹಾಕಿ ಓಡಿಬಂದರು. ಹಳದಿ ಟ್ರಾಮಿನ ಡ್ರೈವರು ಗಾಡಿಯನ್ನು ನಡುಬೀದಿಯಲ್ಲೇ ಬಿಟ್ಟು, ಒಳಗಿದ್ದವರನ್ನೂ ಕರೆದುಕೊಂಡು ಬಂದ. ಜಾಗ ಸಾಲದೆ ಬಾಗಿಲ ಹೊರಗೆ ಮೆಟ್ಟಿಲ ಮೇಲೇ ಪಂಕ್ತಿ ಹಾಕಿದೆ. ಪಂಕ್ತಿಯ ತಲೆ ಹಾಸ್ಟೆಲ್ಲಿನಲ್ಲಿ, ಬಾಲ ನದಿಯಲ್ಲಿ. ಸಾಕು ಅನ್ನುವ ಕನ್ನಡ ಮಾತನ್ನು ಎಲ್ಲರಿಗೂ ಕಲಿಸಿಕೊಟ್ಟೆ. "ಸಾಕು, ಸಾಕು" ಅಂತ ಊರೆಲ್ಲ ಕೂಗಿದರೂ ನಾನು ಇನ್ನೊಂದು ಸೌಟು ಹಾಕುತ್ತಿದ್ದೆ.

ಮೇಲಿನ ಮೆಟ್ಟಿಲಿನಲ್ಲಿ ಪಕ್ಕದ ಮನೆಯ ಒಬ್ಬ ಮುದುಕಿ ಕೂತಿದ್ದಳು, ಕಪ್ಪು ಬಟ್ಟೆಯವಳು. ಎರಡು ತುತ್ತು ತಿಂದು ನನ್ನ ಮುಖ ನೋಡಿದಳು. ಸ್ವಲ್ಪ ಸರಿದು, ಪಕ್ಕದ ಕಲ್ಲನ್ನು ಅಂಗೈಯಿಂದ ತಟ್ಟಿದಳು. ಏನೋ ಅಂದಳು. ಯಾವ ಭಾಷೆಯಾದರೇನು, ಬಾ ಕೂತ್ಕೋ ಅನ್ನುವುದು ತಿಳಿಯದೇ ಇರುತ್ತದೆಯೇ?

ಅದೊಂದಕ್ಕಾಗಿಯೇ ನಾಲ್ಕು ಸಾವಿರ ಮೈಲಿ ಬಂದಿದ್ದೆ. ಏನು ಮಾಡಿದೆ ಗೊತ್ತೇ?

"ಮೊದ್ಲು ನಿಮ್ದಾಗ್ಲಿ ಅಜ್ಜಿ, ನಂದು ಆಮೇಲೆ" ಅಂತ ಕನ್ನಡದಲ್ಲೇ ಹೇಳಿ, ಪಾತ್ರೆ ಎತ್ತಿಕೊಂಡು ಎರಡನೇ ಸಲ ಬಡಿಸುತ್ತಾ ಕೆಳಗೆ ಇಳಿದುಬಿಟ್ಟೆ. ಕಾಲು ತಾನಾಗಿ ಹೋಯಿತು. ಅಷ್ಟು ವರ್ಷದ ಅಭ್ಯಾಸ, ನನ್ನನ್ನು ಕೇಳಲಿಲ್ಲ.

ಬಡಿಸಿ ಮುಗಿಸಿ ಮೇಲೆ ಹತ್ತಿ ಬರುವಷ್ಟರಲ್ಲಿ ಯಾರೂ ಇರಲಿಲ್ಲ. ಟ್ರಾಮು ಹೋಗಿತ್ತು. ರೂಮಿನ ಏಳು ಜನ ಊರು ನೋಡಲು ಹೋಗಿದ್ದರು. ತಟ್ಟೆಗಳನ್ನು ತೊಳೆದು ಚೊಕ್ಕವಾಗಿ ಜೋಡಿಸಿಟ್ಟಿದ್ದರು, ಒಳ್ಳೆಯ ಜನ. ಅಜ್ಜಿಯ ಬಾಗಿಲು ಮುಚ್ಚಿತ್ತು. ತಟ್ಟಲೋ ಬೇಡವೋ ಅಂತ ಸ್ವಲ್ಪ ಹೊತ್ತು ನಿಂತೆ, ತಟ್ಟಲಿಲ್ಲ. ಅವಳು ತೋರಿಸಿದ್ದ ಕಲ್ಲಿನ ಮೇಲೆ ಕೂತೆ. ಪಾತ್ರೆಯ ತಳದಲ್ಲಿ ಎರಡು ಹಿಡಿ ಉಳಿದಿತ್ತು. ಮೆಟ್ಟಿಲುಗಳೆಲ್ಲ ಖಾಲಿ, ಕೆಳಗೆ ನದಿ ಹೊಳೆಯುತ್ತಿತ್ತು. ಉಂಡೆ.

ಮರುದಿನ ವಿಮಾನ ಹತ್ತಿದೆ. ಬಂದ ಮೇಲೆ ಶ್ರೀಲತಾ ಕೇಳಿದಳು, "ಹೇಗಿತ್ತು ಅಂಕಲ್, ಊಟ ಗೀಟ?"

"ಎಂಟುನೂರು ಜನ ಉಂಡ್ರಮ್ಮ."

"ಮತ್ತೆ ನೀವು?"

"ಎಲ್ರ ಜೊತೇಲೇ, ಭರ್ಜರಿಯಾಗಿ!"

ಇಡೀ ಕಥೆಯಲ್ಲಿ ನಾನು ಆಡಿದ ಸುಳ್ಳು ಅದೊಂದೇ.

ಅಯ್ಯೋ, ಏಳಬೇಡಿ, ಕೈ ತೊಳೆಯಬೇಡಿ. ಒಬ್ಬಟ್ಟು ಮುಗಿದಿದೆ ಅಂತ ಯಾರು ಹೇಳಿದ್ದು? ಆರು ಬಚ್ಚಿಟ್ಟಿದ್ದೇನೆ, ತುಪ್ಪದ ಸಮೇತ. ಎಲ್ಲಿ ಅಂತ ಈಗ ಹೇಳುವುದಿಲ್ಲ. ಮೊದಲು ನಿಮ್ಮ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ, ಎಡಗೈಯಲ್ಲಾದರೂ ಪರವಾಗಿಲ್ಲ, ನನಗೆ ಒಂದಿಷ್ಟು ಅನ್ನ ಬಡಿಸಿ. ಆಮೇಲೆ ಅಲ್ಲೇ ಕೂತಿರಿ. ಮೊದಲೇ ಹೇಳಿಬಿಡುತ್ತೇನೆ, ನಾನು ಉಣ್ಣುವುದು ಬಹಳ ನಿಧಾನ.